ಕುರ್ಚಿ ಒಂದೇ ಇತ್ತು

ಫೋಟೋ ಸ್ಟುಡಿಯೋ ಇಟ್ಟುಕೊಂಡವನ ಮನೆಯಲ್ಲಿ ಪತ್ರಿಕೋದ್ಯಮ ಓದುವ ಹುಡುಗಿ ಇರಬಾರದು. ಇದ್ದರೂ ಮೊದಲ ಸೆಮಿಸ್ಟರಿನಲ್ಲಂತೂ ಇರಬಾರದು. ಎರಡನೆಯದರ ಹೊತ್ತಿಗೆ ಸ್ವಲ್ಪ ತಣ್ಣಗಾಗುತ್ತಾರೆ ಎಂದು ಅವಳ ಸೀನಿಯರ್‌ಗಳನ್ನು ನೋಡಿ ಅಂದಾಜು ಮಾಡಿದ್ದೇನೆ. ಮೊದಲ ಸೆಮಿಸ್ಟರಿನವರಿಗೆ ಕಂಡದ್ದೆಲ್ಲ ಚಿಹ್ನೆ. ಗೋಡೆಗೆ ಮೊಳೆ ಹೊಡೆದರೆ ಮೊಳೆಗೂ ಒಂದು ಅರ್ಥ, ಮೊಳೆ ಹೊಡೆದ ಎತ್ತರಕ್ಕೂ ಒಂದು ರಾಜಕೀಯ.

ನಮ್ಮ ಅಣ್ಣನ ಮಗಳು ಶಹಾಪುರದಿಂದ ಯಾದಗಿರಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಬಿ.ಎ. ಓದುತ್ತಾಳೆ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾದ್ದರಿಂದ ಅಣ್ಣ ಹೂಂ ಅಂದ. ಪತ್ರಿಕೋದ್ಯಮ ತಗೊಂಡಿದ್ದಾಳೆ ಎಂದಾಗ ಮನೆಮಂದಿಯೆಲ್ಲ ಇನ್ನೇನು ಟಿ.ವಿ.ಯಲ್ಲಿ ಬರುತ್ತಾಳೆ ಎಂದುಕೊಂಡರು. ಬಂದದ್ದು ನನ್ನ ಅಂಗಡಿಗೆ. ಸುತ್ತಮುತ್ತಲಿನ ಚಿತ್ರಗಳನ್ನು ಬಿಡಿಸಿ ನೋಡಿ ಬರೆಯಬೇಕು ಎಂದು ಕಾಲೇಜಿನಲ್ಲಿ ಅಸೈನ್‌ಮೆಂಟ್ ಕೊಟ್ಟಿದ್ದರು. ಶಹಾಪುರದಲ್ಲಿ ಚಿತ್ರ ಎಲ್ಲಿ ಸಿಗುತ್ತದೆ ಎಂದರೆ ಕಾಕಾನ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ.

ಸ್ಟುಡಿಯೋ ಹಾಕಿದವನು ನಮ್ಮಪ್ಪ. ಅವನ ಕಾಲದ ಕಪ್ಪು ಬಿಳುಪಿನ ಫೋಟೋಗಳು ಇನ್ನೂ ಗೋಡೆಯ ಮೇಲಿವೆ. ಒಂದರಲ್ಲಿ ಅಪ್ಪ ಕೈಯಿರುವ ಕುರ್ಚಿಯಲ್ಲಿ ಕೂತಿದ್ದಾನೆ. ಅವ್ವ ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನ ಮೇಲೆ ಕೈ ಇಟ್ಟಿದ್ದಾಳೆ. ಹಿಂದಿನ ಪರದೆಯಲ್ಲಿ ತೋಟ, ಕಾರಂಜಿ, ಅರ್ಧ ತಾಜಮಹಲು. ಉಳಿದರ್ಧ ಬರೆಯಲು ಪರದೆ ಸಾಲಲಿಲ್ಲವೋ ಪೇಂಟರ್ ಕೇಳಿದ ದುಡ್ಡು ಸಾಲಲಿಲ್ಲವೋ.

“ಕಾಕಾ, ಮುತ್ಯಾ ಯಾಕ ಕುಂತಾನ, ಆಯಿ ಯಾಕ ನಿಂತಾಳ?”

“ಕುರ್ಚಿ ಒಂದೇ ಇತ್ತು.”

“ಒಂದೇ ಇತ್ತಂದ್ರ ಆಯಿ ಕುಂದ್ರಬಾರದಿತ್ತೇನು?”

ಕಸುಬಿನವನ ಹತ್ತಿರ ಕಸುಬಿನ ಉತ್ತರ ಇರುತ್ತದೆ. ಗಂಡ ಹೆಂಡತಿ ಇಬ್ಬರನ್ನೂ ನಿಲ್ಲಿಸಿದರೆ ಒಂದು ತಲೆ ಮೇಲೆ, ಒಂದು ಕೆಳಗೆ. ಕ್ಯಾಮೆರಾ ಹಿಂದೆ ಸರಿಯಬೇಕು, ಹಿಂದೆ ಗೋಡೆ ಇದೆ. ಒಬ್ಬರು ಕೂತರೆ ಎರಡು ಮುಖ ಹತ್ತಿರ ಬರುತ್ತವೆ, ಫ್ರೇಮ್ ತುಂಬುತ್ತದೆ. ಇನ್ನು ಸೀರೆ ಉಟ್ಟವಳು ಕೂತರೆ ನೆರಿಗೆ ಮುದ್ದೆಯಾಗಿ ಅಂಚು ಕಾಣುವುದಿಲ್ಲ. ಇಷ್ಟೆಲ್ಲ ಹೇಳಿದೆ. ಅವಳು ಒಂದಕ್ಷರ ಬಿಡದೆ ಬರೆದುಕೊಂಡು, ಕೊನೆಗೆ, ನೆರಿಗೆ ಕಾಣಬೇಕು ಎಂದು ತೀರ್ಮಾನಿಸಿದವರು ಯಾರು ಎಂದು ಕೇಳಿದಳು. ನಾನು ಚಹಾ ಹೇಳಿದೆ.

ಸಂಜೆ ಮನೆಗೆ ಹೋಗಿ ಇದೇ ಪ್ರಶ್ನೆಯನ್ನು ಅಜ್ಜಿಗೇ ಹಾಕಿದಳು. ನಮ್ಮವ್ವ ಅವರೆಕಾಯಿ ಸುಲಿಯುತ್ತಿದ್ದಳು. “ನಿಮ್ ಮುತ್ಯಾ ಕುಂದ್ರು ಅಂದ. ನಾನೇ ಒಲ್ಲೆ ಅಂದೆ. ಇಳಕಲ್ ಸೀರಿ ಹೊಸಾದು. ಕುಂತ್ರ ಅದು ಯಾರಿಗಿ ಕಾಣ್ತಿತ್ತು?” ಎಂದಳು. ಪುರುಷಪ್ರಧಾನ ನೋಟದ ಬಗ್ಗೆ ಅರ್ಧ ಪುಟ ಬರೆದಿದ್ದ ಹುಡುಗಿ ಪೆನ್ನು ಕಚ್ಚುತ್ತ ಕೂತಳು. ನನಗೆ ಒಳಗೊಳಗೇ ಖುಷಿ. ಮರುದಿನ ಮುಂಜಾನೆ ಮಾತ್ರ, ಸೀರೆ ಕಂಡರೆ ಸಾಕು, ತಾನು ಕಾಣದಿದ್ದರೂ ನಡೆಯುತ್ತದೆ ಎಂದು ಆಯಿಗೆ ಅನ್ನಿಸಿದ್ದೇ ಮುಖ್ಯ ವಿಷಯ ಎಂದು ಬರೆದು ತಂದು ತೋರಿಸಿದಳು. ಈ ವಿದ್ಯೆಯಲ್ಲಿ ಸೋಲು ಇಲ್ಲ ಎಂದು ಅವತ್ತು ತಿಳಿಯಿತು.

ಆಮೇಲೆ ದಿನಕ್ಕೊಬ್ಬ ಪಂಡಿತ ಅಂಗಡಿಗೆ ಬರತೊಡಗಿದ. 1948ರ ಲಾಸ್ವೆಲ್ ಬಂದು, ಯಾರು, ಏನನ್ನು, ಯಾವ ದಾರಿಯಿಂದ, ಯಾರಿಗೆ ಹೇಳಿದರು, ಅದರಿಂದ ಏನಾಯಿತು ಎಂದು ಪೊಲೀಸರ ಥರ ಕೇಳಿ ಹೋದ. ಅವನ ಹಿಂದೆ ಫ್ರಾನ್ಸಿನ ರೋಲಾಂ ಬಾರ್ಥ್. ಇವನು 1964ರಲ್ಲಿ ಪಾಸ್ತಾ ಕಂಪನಿಯ ಒಂದೇ ಒಂದು ಜಾಹೀರಾತು ಹಿಡಿದು ದೊಡ್ಡ ಪ್ರಬಂಧ ಬರೆದವನು. ಬಲೆಯ ಚೀಲ, ಟೊಮೆಟೊ, ಮೆಣಸಿನಕಾಯಿ, ಪಾಸ್ತಾ ಪೊಟ್ಟಣ. ಕೆಂಪು, ಹಸಿರು, ಹಳದಿ ಬಣ್ಣಗಳೇ ಇಟಲಿ ಇಟಲಿ ಎಂದು ಕೂಗುತ್ತವಂತೆ. ಹುಡುಗಿ ಶಹಾಪುರದಲ್ಲಿ ಪಾಸ್ತಾ ಎಲ್ಲಿ ತರಬೇಕು? ಹತ್ತಿ ಬೀಜದ ಪ್ಯಾಕೆಟ್ ತಂದಳು.

ಇದು ನನಗೂ ಹಿಡಿಸಿತು. ನಮ್ಮದು ಹತ್ತಿಯ ಸೀಮೆ. ಆದರೆ ಆ ಪ್ಯಾಕೆಟ್ಟನ್ನು ಯಾರು ನೋಡಿದ್ದೇವೆ? ಕೊಂಡು, ಹರಿದು, ಬದುವಿಗೆ ಎಸೆಯುತ್ತೇವೆ. ಅದರ ಮೇಲೆ ಹಾಲಿನಂತೆ ಬಿರಿದ ಕಾಯಿ. ಪಕ್ಕದಲ್ಲಿ ಬಿಳಿ ಅಂಗಿಯ, ಒಂದು ಚೂರೂ ಮಣ್ಣು ಹತ್ತದ ರೈತ ನಗುತ್ತಿದ್ದಾನೆ. ಹೊಲದಲ್ಲಿ ಅವನೊಬ್ಬನೇ. ನಮ್ಮ ಕಡೆ ಹತ್ತಿ ಬಿಡಿಸುವುದು ಹೆಣ್ಣಾಳುಗಳು. ಒಣಗಿದ ತೊಟ್ಟಿನ ತುದಿ ಉಗುರುಸಂದಿಗೆ ಚುಚ್ಚಿ ರಕ್ತ ಬರುತ್ತದೆ. ಆ ಕೈ ಪ್ಯಾಕೆಟ್ಟಿನ ಮೇಲೆ ಎಲ್ಲೂ ಇಲ್ಲ. ಚಿತ್ರದಲ್ಲಿ ಇರುವುದನ್ನು ನೋಡುವುದು ನನ್ನ ಕಸುಬು. ಇಲ್ಲದ್ದನ್ನೂ ನೋಡಬೇಕು ಎಂದು ಹೇಳಿಕೊಟ್ಟ ಅವಳ ಕಾಲೇಜಿನ ಮೇಷ್ಟ್ರ ಬಗ್ಗೆ ಗೌರವ ಬಂತು.

ಹೀಗೆಂದು ಎಲ್ಲಕ್ಕೂ ತಲೆಯಾಡಿಸಿದೆನೆಂದಲ್ಲ. ಅಂಗಡಿಯಲ್ಲಿ ಹಳೆಯದೊಂದು ದೇವರ ಕ್ಯಾಲೆಂಡರಿದೆ, ಎಸ್.ಎಂ. ಪಂಡಿತರ ಶೈಲಿಯದು. ದೇವಿಯ ಕಣ್ಣುಗಳು ನೋಡುವವರ ಕಡೆಗೇ ಇವೆ, ಇದು ಮಾರುಕಟ್ಟೆಯ ತಂತ್ರ ಎಂದಳು. ಪಂಡಿತರು ನಮ್ಮ ಕಲಬುರಗಿಯವರು, 1916ರಲ್ಲಿ ಹುಟ್ಟಿದವರು, ಮುಂಬಯಿಗೆ ಹೋಗಿ ಹಿಂದಿ ಸಿನಿಮಾ ಪೋಸ್ಟರ್ ಬರೆದು ದೇಶಕ್ಕೆಲ್ಲ ಹೆಸರಾದವರು. ಸಿನಿಮಾ ತಾರೆಯ ಕೆನ್ನೆಗೆ ಬೀಳುವ ಬೆಳಕನ್ನೇ ದೇವರ ಕೆನ್ನೆಗೂ ಬೀಳಿಸಿದರು. ಹಿಂದಿನಿಂದ ಒಂದು ಬೆಳಕು ಕೊಟ್ಟು ಭುಜದ ಅಂಚನ್ನು ಎತ್ತಿ ತೋರಿಸುವುದನ್ನು ಅಪ್ಪ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಇಂಥ ಕ್ಯಾಲೆಂಡರುಗಳಿಂದ. ತಂತ್ರ ಇದೆ, ನಿಜ. ಮೊದಲು ಆ ತಂತ್ರವನ್ನು ಕೈಗೆ ತಂದುಕೋ, ಬೈಯುವುದು ಆಮೇಲೆ ಎಂದೆ. ಇದಕ್ಕೆ ಅವಳ ನೋಟ್ಸಿನಲ್ಲಿ ಉತ್ತರ ಇರಲಿಲ್ಲ.

ಅಡಿಬರಹದ ಪಾಠ ಬಂದಾಗ ಮಾತ್ರ ಇಬ್ಬರೂ ಒಂದೇ ಕಡೆ ಆದೆವು. ಚಿತ್ರಕ್ಕೆ ಹತ್ತು ಅರ್ಥ ಇರಬಹುದು, ಕೆಳಗೆ ಬರೆದ ಸಾಲು ಒಂಬತ್ತನ್ನು ಓಡಿಸಿ ಒಂದನ್ನು ಉಳಿಸುತ್ತದೆ ಎಂಬುದು ಬಾರ್ಥನ ಮಾತಿನ ತಾತ್ಪರ್ಯ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಭೀಮಾ ನದಿಯ ದಂಡೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಬೌದ್ಧ ಸ್ತೂಪ ಸಿಕ್ಕಿತಲ್ಲ, ಅದರ ಒಂದು ಕಲ್ಲುಹಲಗೆಯಲ್ಲಿ ರಾಜ, ರಾಣಿ, ಪರಿವಾರ ಇದ್ದಾರೆ. ಅಂಥ ರಾಜರು ನಮ್ಮ ಶಿಲ್ಪಗಳಲ್ಲಿ ಸಾಲುಗಟ್ಟಿ ಸಿಗುತ್ತಾರೆ. ಆದರೆ ಈ ಕಲ್ಲು ಕಡೆದವನು, ಅಥವಾ ಕಡೆಸಿದವನು, ಬ್ರಾಹ್ಮಿ ಲಿಪಿಯಲ್ಲಿ ಇವನು ರಾಜ ಅಶೋಕ ಎಂದು ಗುರುತು ಹಾಕಿಬಿಟ್ಟ. ಆ ಎರಡು ಪದ ಇರದಿದ್ದರೆ ಅವನು ಯಾವನೋ ಒಬ್ಬ ರಾಜ. ಇದ್ದುದರಿಂದ ದೊಡ್ಡ ದೊಡ್ಡ ವಿದ್ವಾಂಸರು ನಮ್ಮ ಭೀಮಾ ತೀರದ ಧೂಳು ಕುಡಿದು ಬಂದು ನಿಂತು ನೋಡುತ್ತಾರೆ. ಅಡಿಬರಹದ ಸಂಬಳವೇನು ಎಂದು ಪತ್ರಿಕೆಯವರು ಕೇಳಿದರೆ ಈ ಕಲ್ಲನ್ನು ತೋರಿಸಬೇಕು.

ನಮ್ಮೂರ ಗುಡ್ಡವೂ ಅದೇ ಸಾಲಿಗೆ ಸೇರುತ್ತದೆ. ಶಹಾಪುರಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಮಲಗಿದ ಬುದ್ಧನನ್ನು. ಗುಡ್ಡಸಾಲಿನ ಅಂಚಿನಲ್ಲಿ ಹಣೆ, ಮೂಗು, ಎದೆ, ಚಾಚಿದ ಕಾಲು. ರಸ್ತೆಯಲ್ಲಿ ಒಂದು ಜಾಗಕ್ಕೆ ಬಂದರೆ ತಾನಾಗಿ ಜೋಡಣೆಯಾಗುತ್ತದೆ. ಗಾಡಿ ಸ್ವಲ್ಪ ಮುಂದೆ ಓಡಿಸಿ, ಮೂಗು ಎದೆಯಿಂದ ಕಳಚಿಕೊಂಡು ಬೇರೆ ಗುಡ್ಡವಾಗಿ ನಿಲ್ಲುತ್ತದೆ. ಹೆಸರು ಹೇಳದೆ ತೋರಿಸಿದರೆ ಕಾಣುತ್ತದೋ ಇಲ್ಲವೋ ಎಂದು ಹುಡುಗಿ ತನ್ನ ಕ್ಲಾಸಿನ ರಾಯಚೂರು ಕಡೆಯ ಗೆಳತಿಯರಿಗೆ ಫೋಟೋ ತೋರಿಸಿ ಪರೀಕ್ಷೆ ಮಾಡಿದಳು. ಒಬ್ಬಳಿಗೆ ಮೊಸಳೆ ಕಂಡಿತಂತೆ. ಬುದ್ಧ ಎಂದು ಹೇಳಿದ ಮೇಲೆ ಮೊಸಳೆ ಕಾಣಲು ಅವಳು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲವಂತೆ.

ಇನ್ನು ಶಹಾಪುರದ ಹತ್ತಿರದ ವಿಭೂತಿಹಳ್ಳಿಯದು ಇದಕ್ಕೆ ತದ್ವಿರುದ್ಧ. ಅಲ್ಲಿ ಬೃಹತ್ ಶಿಲಾಯುಗದ ಜನ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಇಟ್ಟುಹೋಗಿದ್ದಾರೆ. ನೆಲದ ಮೇಲೆ ನಿಂತವನಿಗೆ ಹೊಲದಲ್ಲಿ ಬಿದ್ದ ಬಂಡೆಗಳು, ಅಷ್ಟೇ. ಉಪಗ್ರಹದ ಚಿತ್ರ ಹಾಕಿ ನೋಡಿದರೆ ಸಾಲು ಸಾಲನ್ನು ಕತ್ತರಿಸುವ ಜಾಲ. ಉಪಗ್ರಹ ಇರದ ಕಾಲದಲ್ಲಿ ಮೇಲಿನಿಂದ ನೋಡುವ ಕಣ್ಣು ಯಾರದಿತ್ತು ಎಂದು ಅವಳು ಆಕಾಶ ನೋಡಿದಳು. ಹಗ್ಗ ಹಿಡಿದು ಸಾಲು ಹೊಡೆಯಲು ಬರುವವನಿಗೆ ಮೇಲಿನಿಂದ ನೋಡುವ ದರ್ದು ಏನಿದೆ ಎಂದು ನಾನು ನೆಲ ನೋಡಿದೆ.

ಆ ಕಲ್ಲುಗಳನ್ನು ಮೊದಲು ಅಳೆದು ಬರೆದಿಟ್ಟವನು ಕರ್ನಲ್ ಮೆಡೋಸ್ ಟೇಲರ್. ಅಲ್ಲಿಂದ ನಮ್ಮ ಸವಾರಿ ಸುರಪುರಕ್ಕೆ ಹೊರಳಿತು. ಸುರಪುರದ ದೊರೆ ಚಿಕ್ಕವನಿದ್ದಾಗ ಆಡಳಿತ ನೋಡಿಕೊಳ್ಳಲು 1841ರಲ್ಲಿ ಬಂದು 1853ರ ತನಕ ಇದ್ದವನು ಈ ಟೇಲರ್. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ಠಗ್ಗರ ಮೇಲೆ ಕಾದಂಬರಿ ಬರೆದ, ಚಿತ್ರ ಬರೆದ, ಕೆರೆ ರಸ್ತೆ ಮಾಡಿಸಿದ ಎಂದೆಲ್ಲ ನಮಗೆ ಗೊತ್ತಿತ್ತು. ಅವನು 1840ರಿಂದ 1853ರವರೆಗೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಇಲ್ಲಿನ ಬಾತ್ಮೀದಾರನೂ ಆಗಿದ್ದ ಎಂಬುದನ್ನು ಹೆಕ್ಕಿ ತಂದವಳು ಹುಡುಗಿ. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದಾಗ ಸುರಪುರದ ಗುಡ್ಡದ ಮೇಲೆ ಆಗಲೇ ಒಬ್ಬ ವರದಿಗಾರ ಕೂತಿದ್ದ! ಕನ್ನಡ ಪತ್ರಿಕೋದ್ಯಮದ ಇತಿಹಾಸಕ್ಕೆ ಸೇರದಿದ್ದರೇನು, ನಮ್ಮ ಜಿಲ್ಲೆಯ ಮೊದಲ ‘ವಿಶೇಷ ಪ್ರತಿನಿಧಿ’ ಎಂದು ನಾವಿಬ್ಬರೂ ಅವನಿಗೆ ಪದವಿ ಕೊಟ್ಟೆವು.

ಕೊಟ್ಟ ಮೇಲೆ ಅವಳು ಅವನ ಮೇಲೇ ಲಾಸ್ವೆಲ್‌ನನ್ನು ಬಿಟ್ಟಳು. ಯಾರು ಹೇಳುತ್ತಿದ್ದಾರೆ? ಆಡಳಿತ ನಡೆಸುವವನೇ. ಯಾರ ಬಗ್ಗೆ? ತಾನು ಆಳುತ್ತಿರುವ ಊರಿನ ಬಗ್ಗೆ. ಯಾರಿಗೆ? ತನ್ನನ್ನು ಕಳಿಸಿದವರ ದೇಶಕ್ಕೆ. ಆ ಚಿಕ್ಕ ದೊರೆ ರಾಜಾ ವೆಂಕಟಪ್ಪ ನಾಯಕನ ಕತೆಗೆ ಬಂದಾಗ ಇದು ತಮಾಷೆಯಾಗಿ ಉಳಿಯುವುದಿಲ್ಲ. ಟೇಲರ್ ಕಣ್ಣೆದುರು ಬೆಳೆದ ಹುಡುಗ, ಬ್ರಿಟಿಷರ ವಿರುದ್ಧ ಎದ್ದು, 1858ರಲ್ಲಿ ಸೆರೆಯಾಗಿ, ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡ ಎಂಬ ಕತೆ ನಮಗೆ ಬಂದಿರುವುದು ಟೇಲರನ ಆತ್ಮಕತೆಯಿಂದ. 1877ರಲ್ಲಿ, ಅವನು ತೀರಿಹೋದ ಮರುವರ್ಷ ಅಚ್ಚಾದ ಪುಸ್ತಕ ಅದು. ಸಾವಿನ ಜಾಗದಲ್ಲಿ ಅವನು ಇರಲಿಲ್ಲ. ಸುರಪುರದ ಕಟ್ಟೆಯ ಮೇಲೆ ಕೂತವರನ್ನು ಕೇಳಿ, ಬೇರೆ ಮಾತೇ ಹೇಳುತ್ತಾರೆ. ಟೇಲರ್ ಕೆಟ್ಟವನಲ್ಲ, ಆ ಹುಡುಗನ ಮೇಲೆ ಅವನಿಗೆ ಪ್ರೀತಿ ಇತ್ತು ಎಂದೇ ನನ್ನ ನಂಬಿಕೆ. ಪ್ರೀತಿ ಇದ್ದವನ ಕ್ಯಾಮೆರಾ ಕೂಡ ಅವನು ನಿಂತ ಕಡೆಯಿಂದಲೇ ಹಿಡಿಯುತ್ತದೆ.

ಸುರಪುರದಲ್ಲಿ ನೋಡಬೇಕಾದ್ದು ಇನ್ನೊಂದಿದೆ, ನಾಯಕರ ಆಶ್ರಯದಲ್ಲಿ ಬೆಳೆದ ಕಿರುಚಿತ್ರಗಳು. ಗರುಡಾದ್ರಿ ಮನೆತನದವರ ಹೆಸರು ಇದರಲ್ಲಿ ದೊಡ್ಡದು. ನಡುವೆ ಚಿನ್ನದ ಹೊಳಪಿನಲ್ಲಿ ದೇವರು, ಸುತ್ತ ಮಂಟಪ, ಬದಿಗೆ ಸಣ್ಣಸಣ್ಣದಾಗಿ ಭಕ್ತರು, ಸೇವಕರು. ಭೂತಗನ್ನಡಿ ಹಿಡಿಯಬೇಕು, ಅಷ್ಟು ನಾಜೂಕು. ದೂರ ಇದ್ದದ್ದು ಸಣ್ಣದು ಎಂಬ ಕ್ಯಾಮೆರಾದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಯೋಗ್ಯತೆ ಎಷ್ಟೋ ಅಷ್ಟು ಗಾತ್ರ. ಒಬ್ಬ ಹಿರಿಯ ಕಲಾವಿದರ ಮನೆಯಲ್ಲಿ ಅಂಥದ್ದೊಂದನ್ನು ನೋಡಿ ಹೊರಬಂದಾಗ ಹುಡುಗಿ ಹೇಳಿದಳು: “ಕಾಕಾ, ನೀ ದಿನಾ ಮಾಡೋದೂ ಇದೇ ಅಲ್ಲೇನು?”

ಹೌದು ನೋಡಿ. ನನ್ನ ಅನ್ನ ಈಗ ಫೋಟೋದಿಂದಲ್ಲ, ಫ್ಲೆಕ್ಸಿನಿಂದ. ಮೇಲಿನ ಸಾಲಿನಲ್ಲಿ ದುಂಡಗೆ ಕತ್ತರಿಸಿದ ಬಸವಣ್ಣ, ಅಂಬೇಡ್ಕರ್, ವಾಲ್ಮೀಕಿ. ಯಾರ ಫ್ಲೆಕ್ಸು ಎಂಬುದರ ಮೇಲೆ ಸಾಲು ಅದಲುಬದಲು. ಕೆಳಗೆ ರಾಜ್ಯದ ನಾಯಕರು ಅಂಗೈಯಷ್ಟು. ನಡುವೆ ಹುಟ್ಟುಹಬ್ಬದ ಸಾಹೇಬರು ಆಳೆತ್ತರ, ಕೈಮುಗಿದು ಅಥವಾ ಮೊಬೈಲಿನಲ್ಲಿ ಮಾತಾಡುತ್ತ. ಅಡಿಯಲ್ಲಿ ಶುಭ ಕೋರುವವರು, ಪಾಸ್‌ಪೋರ್ಟ್ ಸೈಜಿನಲ್ಲಿ ಇಪ್ಪತ್ತು ಮೂವತ್ತು ಜನ. ಯಾರ ಪಕ್ಕ ಯಾರು, ಯಾರ ತಲೆ ಯಾರಿಗಿಂತ ಒಂದು ಕೂದಲೆಳೆ ದೊಡ್ಡದು ಎಂಬುದರ ಮೇಲೆ ನನ್ನ ಅಂಗಡಿಯಲ್ಲಿ ನಡೆದಷ್ಟು ಪಂಚಾಯ್ತಿ ಯಾವ ಪಕ್ಷದ ಕಚೇರಿಯಲ್ಲೂ ನಡೆದಿರಲಿಕ್ಕಿಲ್ಲ. ಚಿನ್ನದ ರೇಕಿನ ಬದಲು ಹಳದಿ ಗ್ರೇಡಿಯಂಟ್, ಮಂಟಪದ ಬದಲು ವಿಧಾನಸೌಧ. ಗರುಡಾದ್ರಿಯವರ ಕುಂಚದ ಮುಂದೆ ನನ್ನ ಕೋರೆಲ್‌ಡ್ರಾ ಯಾವ ಲೆಕ್ಕ ಬಿಡಿ. ಆದರೆ ಗಿರಾಕಿಯ ಆಸೆ ಬದಲಾಗಿಲ್ಲ. ಈ ಭಾಗ ಬರೆದದ್ದಕ್ಕೆ ಅವಳಿಗೆ ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತಂತೆ. ನನಗೇನೂ ಪಾಲು ಬರಲಿಲ್ಲ.

ವೇಣುಗೋಪಾಲಸ್ವಾಮಿ ಜಾತ್ರೆಗೆ ಇಬ್ಬರೂ ಸುರಪುರಕ್ಕೆ ಹೋದೆವು. ನಾನು ದೊಡ್ಡ ಲೆನ್ಸ್ ತಗೊಂಡು, ಅವಳು ಮೊಬೈಲು ಹಿಡಿದು. ಎತ್ತರದ ಕಂಬಗಳನ್ನು ಜಾರಿಕೆ ಮಾಡಿ ನಿಲ್ಲಿಸುತ್ತಾರೆ, ಹುಡುಗರು ಹತ್ತುತ್ತಾರೆ, ಕೆಳಗಿನಿಂದ ನೀರು ಎರಚುತ್ತಾರೆ. ಫೋಟೋದವರೆಲ್ಲ ಒಂದೇ ಕಡೆ ಗುಂಪುಗಟ್ಟಿ ಒಂದೇ ಕ್ಷಣಕ್ಕೆ ಕಾಯುತ್ತೇವೆ. ಹಿಂದೆ ಆಕಾಶ ಬರಬೇಕು, ಹತ್ತುವವನ ಬೆನ್ನಿನ ಸ್ನಾಯು ಎದ್ದು ಕಾಣಬೇಕು, ನೀರಿನ ಹನಿ ಗಾಳಿಯಲ್ಲಿ ನಿಲ್ಲಬೇಕು. ನನಗೆ ಒಂದು ಒಳ್ಳೆಯದು ಸಿಕ್ಕಿತು. ಅವಳು ಕಂಬಕ್ಕೆ ಬೆನ್ನು ಹಾಕಿ ಮಾಳಿಗೆಯ ಮೇಲೆ ಕೂತ ಹೆಣ್ಣುಮಕ್ಕಳನ್ನು, ಹೆಗಲ ಮೇಲಿನ ಕೂಸುಗಳನ್ನು, ಬಾಯಿ ತೆರೆದು ಮೇಲೆ ನೋಡುವ ಪೊಲೀಸನನ್ನು ಹಿಡಿದಿದ್ದಳು. ಕಂಬ ಒಂದರಲ್ಲೂ ಇಲ್ಲ. ಆದರೂ ಹುಡುಗ ಎಲ್ಲಿಯವರೆಗೆ ಹತ್ತಿದ, ಯಾವಾಗ ಜಾರಿದ ಎಂದು ಆ ಮುಖಗಳಲ್ಲೇ ಗೊತ್ತಾಗುತ್ತಿತ್ತು. ವಿಚಾರ ಭೇಷ್. ಫೋಕಸ್ ಮಾತ್ರ ಬಹುಪಾಲು ಹಾಳು, ಪೊಲೀಸನ ಟೋಪಿ ಸ್ಪಷ್ಟ, ಮುಖ ಮಸುಕು. ಮಸುಕಿಗೂ ಒಂದು ಸಿದ್ಧಾಂತ ಹುಡುಕುವ ಮುನ್ನ ಬೆಳಿಗ್ಗೆ ಎದ್ದು ನಿತ್ಯ ಇಪ್ಪತ್ತು ಫೋಟೋ ತೆಗಿ ಎಂದು ಗದರಿದೆ. ತೆಗೆಯುತ್ತಿದ್ದಾಳೆ, ಹೆಚ್ಚಾಗಿ ನಮ್ಮವ್ವನನ್ನು.

ಸೆಮಿಸ್ಟರಿನ ಕೊನೆಯ ಅಸೈನ್‌ಮೆಂಟ್ ಪತ್ರಿಕೆಗಳಲ್ಲಿ ನಿಮ್ಮ ಜಿಲ್ಲೆಯ ಚಿತ್ರ ಎಂಬುದು. ಇದು ನಗೆಚಾಟಿಕೆಯದಲ್ಲ. 2010ರಲ್ಲಿ ಕಲಬುರಗಿಯಿಂದ ಬೇರೆಯಾದ ಜಿಲ್ಲೆ ನಮ್ಮದು. 2018ರಲ್ಲಿ ನೀತಿ ಆಯೋಗ ಆರಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದ ಎರಡು ಎಂದರೆ ರಾಯಚೂರು ಮತ್ತು ಯಾದಗಿರಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ನಾವು ಕೊನೆ. ಅವಳು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ತಿರುವಿದಾಗ ಸಿಕ್ಕ ಚಿತ್ರಗಳಲ್ಲಿ ಬಿರುಕುಬಿಟ್ಟ ನೆಲ, ಖಾಲಿ ಕೊಡ, ಗಂಟುಮೂಟೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತ ಗುಳೆ ಜನ ಇವೇ ಹೆಚ್ಚು. ಹೆಣ್ಣುಮಕ್ಕಳು ಗುಲಾಬಿ ಡ್ರೆಸ್ಸಿನಲ್ಲಿ ಎಗರುವ ಫಲಿತಾಂಶದ ದಿನದ ಫೋಟೋ ಬೇರೆ ಜಿಲ್ಲೆಯದು, ನಮಗೆ ಕೋಷ್ಟಕದ ಕೊನೆಯ ಸಾಲು.

ಸುಳ್ಳು ಎನ್ನಲಾರೆ. ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರುವವರಲ್ಲಿ ನಮ್ಮವರು ಎಷ್ಟಿದ್ದಾರೆ ಎಂದು ಯಾವ ಗುತ್ತಿಗೆದಾರನನ್ನಾದರೂ ಕೇಳಿ. ಆದರೆ ನಾರಾಯಣಪುರದ ಬಸವಸಾಗರ ಕಟ್ಟಿ ನಾಲ್ಕು ದಶಕ ದಾಟಿತು. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ ಶಹಾಪುರದ ಎಷ್ಟೋ ಊರುಗಳಲ್ಲಿ ಕಣ್ಣು ಹಾಯುವವರೆಗೆ ಭತ್ತ. ಒಂದು ಹೊಲದಲ್ಲಿ ನೀರು ನಿಂತಿರುತ್ತದೆ, ಕಾಲುವೆಯ ತುದಿಯ ಹೊಲದಲ್ಲಿ ನೆಲ ಬಿರಿದಿರುತ್ತದೆ. ಎರಡನ್ನೂ ಒಂದೇ ಫ್ರೇಮಿನಲ್ಲಿ ಹಿಡಿದ ಫೋಟೋ ಒಂದೂ ಸಿಗಲಿಲ್ಲ ಎಂದು ಹುಡುಗಿ ಬರೆದಳು. ಬರ ಎಂಬುದಕ್ಕಿಂತ ನೀರು ಯಾರ ಹೊಲಕ್ಕೆ ಹೋಯಿತು ಎಂಬುದನ್ನು ತೋರಿಸುವುದು ಕಷ್ಟ. ಅದಕ್ಕೆ ಜೀಪಿನಿಂದ ಇಳಿದು ಕಾಲುವೆಯ ಗುಂಟ ಬಹಳ ದೂರ ನಡೆಯಬೇಕು.

ರಜೆಯಲ್ಲಿ ಅವಳನ್ನು ಅಂಗಡಿಯ ಕಂಪ್ಯೂಟರಿನ ಮುಂದೆ ಕೂರಿಸಿದ್ದೆ. ಹುಣಸಗಿ ಕಡೆಯ ಗಂಡ ಹೆಂಡತಿ, ಎರಡು ಮಕ್ಕಳು ಬಂದರು. ರಾತ್ರಿಯ ಗಾಡಿಗೆ ಬೆಂಗಳೂರಿಗೆ ಹೊರಟವರು, ಗಂಟು ಹೊರಗೆ ಕಟ್ಟೆಯ ಮೇಲೆ ಇಟ್ಟಿದ್ದರು. ಪತ್ರಿಕೆಯ ಫೋಟೋಗೆ ಹೇಳಿ ಮಾಡಿಸಿದ ಹಾಗೆ. ಒಳಗೆ ಬಂದವರೇ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡರು. ಗಂಡಸು ನನ್ನ ಡ್ರಾಯರಿನಿಂದ ಕಪ್ಪು ಕನ್ನಡಕ ತಾನೇ ತಗೊಂಡ. ನಾನು ಕ್ಲಿಕ್ಕಿಸಿ ಹಿಂದಿನ ದೃಶ್ಯ ಏನು ಹಾಕಲಿ ಎಂದು ಕೇಳುವಷ್ಟರಲ್ಲಿ ಹುಡುಗಿ ಮಲಗಿದ ಬುದ್ಧನ ಗುಡ್ಡವನ್ನು ತೆರೆಯ ಮೇಲೆ ತಂದಳು, ತಾನೇ ತೆಗೆದದ್ದು, ಫೋಕಸ್ ಚೆನ್ನಾಗಿದ್ದದ್ದು.

“ಇದು ಹಾಕ್ಲೇನ್ರಿ? ನಮ್ಮೂರಿಂದು.”

“ಗುಡ್ಡ ಬ್ಯಾಡವ್ವ, ಹುಟ್ಟಿದಾ‍ಗಿಂದ ನೋಡೀವಿ,” ಎಂದಳು ಹೆಂಡತಿ. “ಬರಫ್ ಇರ್ತದಲ್ಲ, ಅದು ಹಾಕು.”

“ಬರಫಂದ್ರ ಯಾವ್ದ್ರಿ, ಕಾಶ್ಮೀರಾನೋ ಸ್ವಿಜರ್ಲೆಂಡೋ?”

“ಯಾವ್ದರೆ ಆಗ್ಲಿ, ತಣ್ಣಗಿರ್ಬೇಕು. ಮತ್ತ ನನ್ ಸೀರಿ ಬಣ್ಣ ಬದಲ್ ಮಾಡಬ್ಯಾಡ ನೋಡು. ಎರಡು ಕಾಪಿ ತೆಗಿ.”